ಹದಿನಾಲ್ಕು ಬಾಗಿಲು, ಒಂದು ಪಟ್ಟಿ

ಬೆಳಿಗ್ಗೆ ಎಂಟೂವರೆಗೇ ಬಿಸಿಲು ಚುರುಕಾಗಿತ್ತು. ದೊಡ್ಡದೊಂದು ಮನೆಯ ಮುಂದಿನ ಹುಲ್ಲಿನ ಮೇಲೆ ನಾವು ಎಪ್ಪತ್ತು ಎಂಬತ್ತು ಹುಡುಗಿಯರು ಸಾಲಾಗಿ ನಿಂತಿದ್ದೆವು. ಎಲ್ಲರ ಹೆಗಲಲ್ಲೂ ಒಂದು ಚೀಲ. ಅದರಲ್ಲಿ ನೀರಿನ ಬಾಟಲಿ, ಬ್ಯಾಂಡ್‌ಏಡ್, ಸೇಫ್ಟಿ ಪಿನ್, ಹೀಲ್ಸ್ ಕಚ್ಚಿದರೆ ಹಾಕಿಕೊಳ್ಳಲು ಸಾದಾ ಚಪ್ಪಲಿ, ಅಂಗೈಯಗಲದ ಬ್ಯಾಟರಿ ಫ್ಯಾನು. ಒಳಗಿನಿಂದ ಯಾರೋ ಬಾಗಿಲು ಬಡಿದರು. ಬಾಗಿಲು ಧಡಾರನೆ ತೆರೆಯಿತು. ನೋಡಿದರೆ ಮೆಟ್ಟಿಲ ಮೇಲಿನಿಂದ ಹೊಸ್ತಿಲವರೆಗೆ ಬರೀ ಹುಡುಗಿಯರು. ಒಂದೇ ಬಣ್ಣದ ಟೀ ಶರ್ಟು, ಬಿಟ್ಟ ಕೂದಲು, ಹಲ್ಲೆಲ್ಲ ಕಾಣುವ ನಗು. ಚಪ್ಪಾಳೆ ತಟ್ಟಿಕೊಂಡು, ಕುಣಿದುಕೊಂಡು, ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು.

ನನಗೆ ಆ ಹೊತ್ತಿನಲ್ಲಿ ನೆನಪಾಗಿದ್ದು ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ನನಗಾಗ ಆರು ವರ್ಷ. ಕೇಸರಿಬಾತು, ಉಪ್ಪಿಟ್ಟು, ಕಾಫಿ. ನಮ್ಮನೆಯವರೆಲ್ಲ ಯಾಕೋ ಅಷ್ಟು ಜೋರಾಗಿ ನಗುತ್ತಿದ್ದರು. ಬಂದವರು ಹೋಗುವಾಗ "ಊರಿಗೆ ಹೋಗಿ ತಿಳಿಸ್ತೀವಿ" ಅಂದರು. ತಿಳಿಸಲಿಲ್ಲ.

ಇಲ್ಲಿ, ಅಮೆರಿಕದ ಕಾಲೇಜಿನ ಹುಡುಗಿಯರ ಸಂಘಗಳಲ್ಲಿ, ಹಾಗಿಲ್ಲ. ಹದಿನಾಲ್ಕು ಮನೆಯವರು ನೋಡುತ್ತಾರೆ. ತಪ್ಪದೆ ತಿಳಿಸುತ್ತಾರೆ ಕೂಡ. ಮರುದಿನ ಬೆಳಿಗ್ಗೆ, ಫೋನಿನ ಆ್ಯಪ್‌ನಲ್ಲಿ.

ನಾನು ಏಳನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿದವಳು. ಆಮೇಲೆ ಅಪ್ಪನ ಕೆಲಸದ ಹಿಂದೆ ಅಮೆರಿಕಕ್ಕೆ ಬಂದೆವು. 2022ರಲ್ಲಿ ಇಲ್ಲಿನ ಮಿಡ್‌ವೆಸ್ಟ್ ಭಾಗದ ಒಂದು ದೊಡ್ಡ ಯೂನಿವರ್ಸಿಟಿ ಸೇರಿದೆ. ಹಾಸ್ಟೆಲಿನಲ್ಲಿ ನಮ್ಮ ಮಹಡಿಯ ಅರ್ಧಕ್ಕರ್ಧ ಹುಡುಗಿಯರು ರಷ್‌ಗೆ, ಅಂದರೆ ಈ ಸಂಘಗಳ ಆಯ್ಕೆಯ ವಾರಕ್ಕೆ, ಹೆಸರು ಕೊಟ್ಟಿದ್ದರು. ಈಗ ಅದನ್ನು ರಿಕ್ರೂಟ್‌ಮೆಂಟ್ ಅನ್ನಬೇಕಂತೆ. ಯಾರೂ ಅನ್ನುವುದಿಲ್ಲ. ನನ್ನ ರೂಮ್‌ಮೇಟ್ ಕೂಡ ಹೊರಟಿದ್ದಳು. ಅವಳಮ್ಮ, ಅಜ್ಜಿ ಇಬ್ಬರೂ ಒಂದೇ ಸೊರೋರಿಟಿಯವರು. ಒಬ್ಬಳೇ ರೂಮಿನಲ್ಲಿ ಕೂತು ಏನು ಮಾಡಲಿ ಅಂತ ನಾನೂ ಫಾರಂ ತುಂಬಿದೆ. ಫೋಟೊ, ಹೈಸ್ಕೂಲಿನ ಅಂಕ, ಏನೇನು ಸೇವೆ ಮಾಡಿದ್ದೀಯ, ನಿಮ್ಮ ಕುಟುಂಬದಲ್ಲಿ ಯಾರಾದರೂ ಸದಸ್ಯರಿದ್ದಾರಾ. ಕೊನೆಯ ಪ್ರಶ್ನೆಗೆ "ಇಲ್ಲ".

ಸೊರೋರಿಟಿ ಅಂದರೆ ಏನು ಅಂತ ಅಪ್ಪನಿಗೆ ಹೇಳುವಷ್ಟರಲ್ಲಿ ಸಾಕಾಯಿತು. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಹುಡುಗಿಯರ ಸಂಘ. 1870ರಲ್ಲಿ ಇಂಡಿಯಾನಾದ ಡಿಪಾ ಯೂನಿವರ್ಸಿಟಿಯಲ್ಲಿ (ಆಗ ಅದರ ಹೆಸರು ಇಂಡಿಯಾನಾ ಆಸ್ಬರಿ) ಹುಟ್ಟಿದ ಕಪ್ಪಾ ಆಲ್ಫಾ ಥೀಟಾ ತೀರಾ ಹಳೆಯವುಗಳಲ್ಲಿ ಒಂದು. ಹೆಣ್ಣುಮಕ್ಕಳು ಕಾಲೇಜಿನಲ್ಲಿ ಬೆರಳೆಣಿಕೆಯಷ್ಟಿದ್ದ ಕಾಲ ಅದು. ಗಂಡುಹುಡುಗರ ಸಂಘಗಳು ಒಳಗೆ ಬಿಡುತ್ತಿರಲಿಲ್ಲ, ತಾವೇ ಕಟ್ಟಿಕೊಂಡರು. ಇಂಥ 26 ರಾಷ್ಟ್ರಮಟ್ಟದ ಸಂಘಗಳ ಒಕ್ಕೂಟ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್, 1902ರದ್ದು. ಪ್ರತಿ ಕಾಲೇಜಿನಲ್ಲಿ ಒಂದೊಂದು ಸಂಘಕ್ಕೆ ಒಂದೊಂದು ಶಾಖೆ, ಸಾಮಾನ್ಯವಾಗಿ ಒಂದೊಂದು ಮನೆ. ಹೊಸಬರನ್ನು ಆರಿಸುವ ವಾರ ಈ ರಷ್.

ಅಪ್ಪ ಎಲ್ಲ ಕೇಳಿ ಒಂದೇ ಮಾತು ಹೇಳಿದರು. "ಫ್ರೆಂಡ್ಸ್ ಮಾಡ್ಕೊಳಕ್ಕೆ ದುಡ್ಡು ಕಟ್ಟಬೇಕಾ?"

ಅಮ್ಮ ಕೇಳಿದ್ದು ಬೇರೆ. "ಅವರು ನಿನ್ನ ಬೇಡ ಅಂದ್ರೆ?"

ಮೊದಲ ಬಾಗಿಲು ತೆರೆಯುವ ನಾಲ್ಕು ದಿನ ಮೊದಲೇ ನನ್ನ ಫೋನಿನಲ್ಲಿ ಒಂದು ಪಟ್ಟಿ ಇತ್ತು. ಎರಡನೇ ವರ್ಷದ ಒಬ್ಬಳು ನಮ್ಮ ಮಹಡಿಗೆ ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹದಿನಾಲ್ಕೂ ಮನೆಗಳ ಜಾತಕ ಬಿಚ್ಚಿದಳು. ಟಾಪ್, ಮಿಡ್, ಬಾಟಮ್. ಇದು ದುಡ್ಡಿನವರ ಮನೆ. ಇದು ಪಾರ್ಟಿಯವರದು. ಇದು ಚರ್ಚಿಗೆ ಹೋಗುವವರದು. ಇಲ್ಲಿ ರೈತರ ಮಕ್ಕಳು ಜಾಸ್ತಿ. ಇದು "ಒಳ್ಳೆ ಹುಡುಗಿಯರ" ಮನೆ, ಅಂದರೆ ನೋಡಲು ಅಷ್ಟಕ್ಕಷ್ಟೆ ಅಂತ ಅರ್ಥ. ಆ ಮೂಲೆಯದಕ್ಕೆ ಬೇರೆಲ್ಲೂ ಸಿಗದವರು ಹೋಗುತ್ತಾರೆ. ನಾವೆಲ್ಲ ಬರೆದುಕೊಂಡೆವು. ನಾನೂ ಬರೆದುಕೊಂಡೆ. ಈ ಪಟ್ಟಿ ಯಾರು ಮಾಡಿದ್ದು ಅಂತ ಒಬ್ಬಳೂ ಕೇಳಲಿಲ್ಲ. ಹೆಸರು ಹೇಳದೆ ಬರೆಯುವ ಜಾಲತಾಣಗಳಲ್ಲಿ ಇದೇ ಪಟ್ಟಿ ಸ್ವಲ್ಪ ಕೊಳಕು ಮಾತಿನಲ್ಲಿ ಇರುತ್ತದೆ. ಫ್ರೆಟರ್ನಿಟಿ, ಅಂದರೆ ಗಂಡುಹುಡುಗರ ಸಂಘದವರು, ಯಾವ ಮನೆಯ ಜೊತೆ ಪಾರ್ಟಿ ಮಾಡಲು ಮುಗಿಬೀಳುತ್ತಾರೋ ಅದೇ ಟಾಪ್. ಅಷ್ಟೇ ಅಳತೆಗೋಲು.

ನಮಗೊಬ್ಬಳು ಮಾರ್ಗದರ್ಶಿ ಇದ್ದಳು. ಅವರನ್ನು ರೋ ಗಾಮಾ ಅನ್ನುತ್ತಾರೆ. ಅವಳೂ ಯಾವುದೋ ಒಂದು ಮನೆಯವಳೇ. ಆದರೆ ಆ ವಾರ ಮುಗಿಯುವವರೆಗೆ ತನ್ನ ಮನೆ ಯಾವುದು ಅಂತ ಹೇಳುವ ಹಾಗಿಲ್ಲ, ಇನ್‌ಸ್ಟಾಗ್ರಾಮಿನ ಹಳೇ ಫೋಟೊಗಳನ್ನೂ ಮುಚ್ಚಿಡಬೇಕು. "ಯಾರು ಏನೇ ಹೇಳಿದರೂ ಕೇಳಬೇಡಿ, ನಿಮ್ಮ ಕಣ್ಣಿಂದ ನೋಡಿ" ಅಂತ ದಿನಾ ಹೇಳುತ್ತಿದ್ದಳು. ನಾವು ತಲೆಯಾಡಿಸುತ್ತಿದ್ದೆವು. ರಾತ್ರಿ ಎಲ್ಲರೂ ಸೇರಿ ಅವಳ ಮನೆ ಯಾವುದಿರಬಹುದು ಅಂತ ಊಹಿಸುತ್ತಿದ್ದೆವು. "ಅವಳ ಹೇರ್‌ಸ್ಟೈಲ್ ನೋಡಿದ್ರೆ ಖಂಡಿತ ಮಿಡ್."

ಮೊದಲ ಸುತ್ತಿನಲ್ಲಿ ಎರಡು ದಿನಕ್ಕೆ ಹದಿನಾಲ್ಕು ಮನೆ. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಒಳಗೆ ಕಾಲಿಟ್ಟ ಕೂಡಲೇ ಒಬ್ಬಳು ಕೈಹಿಡಿದು ಕರೆದುಕೊಂಡು ಹೋಗುತ್ತಾಳೆ. ಆರು ನಿಮಿಷ ಮಾತು. ಹಿಂದಿನಿಂದ ಇನ್ನೊಬ್ಬಳು ಬಂದು ಅವಳ ಭುಜ ಮುಟ್ಟುತ್ತಾಳೆ. ಮೊದಲನೆಯವಳು ಎದ್ದು ಹೋಗುತ್ತಾಳೆ, ಇವಳು ಕೂರುತ್ತಾಳೆ. ಮತ್ತೆ "ನಿನ್ನ ಮೇಜರ್ ಏನು?" ಹೀಗೆ ಮೂರು ಜನ. ಎರಡು ದಿನದಲ್ಲಿ ನಲವತ್ತು ಸಲ ನಾನು ನನ್ನ ಬಗ್ಗೆ ಹೇಳಿಕೊಂಡೆ. ಮಾತಾಡಬಾರದ ವಿಷಯ ಐದು, ಎಲ್ಲವೂ ‘ಬ’ ಅಕ್ಷರದವು: ಬಾಯ್ಸ್, ಬೂಜ್, ಬೈಬಲ್, ಬಕ್ಸ್, ಬೈಡನ್. ಹುಡುಗರು, ಕುಡಿತ, ದೇವರು, ದುಡ್ಡು, ರಾಜಕೀಯ. ನಮ್ಮ ಮೈಸೂರಿನ ಮನೆಯಲ್ಲಿ ಇವಿಷ್ಟನ್ನೂ ಬಿಟ್ಟರೆ ಮಾತಿಗೆ ಉಳಿಯುವುದು ಹವಾಮಾನ ಮಾತ್ರ.

ಮೂರನೇ ಮನೆಯ ಹೊತ್ತಿಗೆ ನನ್ನ ಹೆಸರಿನ ಕೊನೆಯ ಎರಡಕ್ಷರ ಉದುರಿಹೋಗಿತ್ತು. ಐದನೇ ಮನೆಯಲ್ಲಿ ಒಬ್ಬಳು "ನೀನು ಪ್ರೀ-ಮೆಡ್ ತಾನೆ?" ಅಂದಳು. ಅಲ್ಲ, ಅಕೌಂಟಿಂಗ್ ಅಂದೆ. "ಓ, ಮ್ಯಾಥ್ಸ್! ನೀವೆಲ್ಲ ಎಷ್ಟು ಬುದ್ಧಿವಂತರು!" ಅಂದಳು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳಿಗೆ ಆರು ನಿಮಿಷ ಇತ್ತು. ಕೈಗೆ ಸಿಕ್ಕ ಹಿಡಿಕೆ ಹಿಡಿದಳು. ಇನ್ನೊಂದು ಮನೆಯಲ್ಲಿ ಬಾಲಿವುಡ್ ಡಾನ್ಸು. ಮತ್ತೊಂದರಲ್ಲಿ ಹೋಳಿ. ನಾನು ಹುಟ್ಟಿ ಬೆಳೆದ ಬೀದಿಯಲ್ಲಿ ಹೋಳಿ ಆಡಿದ್ದು ನೋಡಿದವಳೇ ಅಲ್ಲ. ಆದರೂ ಏಳನೇ ಮನೆಯ ಹೊತ್ತಿಗೆ ನಾನೇ ಶುರು ಹಚ್ಚಿಕೊಂಡಿದ್ದೆ. "ಹೋಳಿ ಅಂದ್ರೆ ನಂಗೆ ಪ್ರಾಣ." ಮುಖ ಅರಳುತ್ತಿತ್ತು. ಮಾತು ಸಲೀಸಾಗಿ ಸಾಗುತ್ತಿತ್ತು. ಅವರಿಗೆ ನೆನಪಿಡಲು ಒಂದು ಗುರುತು ಬೇಕು, ನಾನು ಕೊಟ್ಟೆ. ನಾಚಿಕೆ ಆಗಿದ್ದು ರಾತ್ರಿ, ಕಾಲಿನ ಬೊಬ್ಬೆಗೆ ಮುಲಾಮು ಹಚ್ಚಿಕೊಳ್ಳುವಾಗ.

ಆ ಎರಡು ದಿನದಲ್ಲಿ ಒಂದೇ ಒಂದು ಮಾತು ಮಾತಿನ ಹಾಗಿತ್ತು. ಅದು ಮೂಲೆ ಮನೆಯಲ್ಲಿ, ಅದೇ ಬೇರೆಲ್ಲೂ ಸಿಗದವರು ಹೋಗುವ ಮನೆಯಲ್ಲಿ. ಕೊನೆಯ ವರ್ಷದ ಒಬ್ಬಳು ಭೂವಿಜ್ಞಾನ ಓದುತ್ತಿದ್ದಳು. ನಮ್ಮೂರಲ್ಲೊಂದು ಬೆಟ್ಟ ಇದೆ, ಅದರ ಮೇಲೆ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿ ಇದೆ ಅಂದೆ. "ಯಾವ ಕಲ್ಲು?" ಅಂದಳು. ನನಗೆ ಗೊತ್ತಿರಲಿಲ್ಲ. ಕಪ್ಪಗಿದೆ, ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿರಬೇಕು ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ಹಿಂದಿನಿಂದ ಬಂದು ಭುಜ ಮುಟ್ಟಿದವಳಿಗೆ "ಒಂದು ನಿಮಿಷ ತಡಿ" ಅಂದಳು. ಹಾಗೆ ಅಂದವಳು ಹದಿನಾಲ್ಕು ಮನೆಯಲ್ಲಿ ಅವಳೊಬ್ಬಳೇ.

ಹೊರಗೆ ಬಂದು ನಾನೇನು ಮಾಡಿದೆ ಗೊತ್ತಾ? ಫೋನು ತೆಗೆದು ಆ ಮನೆಯ ಹೆಸರಿನ ಪಕ್ಕ "ಪರವಾಗಿಲ್ಲ, ಆದರೆ ಬಾಟಮ್" ಅಂತ ಬರೆದೆ.

ಈಗ ಲೆಕ್ಕದ ವಿಷಯ ಹೇಳಬೇಕು. ಕರ್ನಾಟಕದಲ್ಲಿ ಸಿಇಟಿ ಬರೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಪ್ಷನ್ ಎಂಟ್ರಿ ಇದ್ದ ಹಾಗೆ, ಹುಡುಗಿಯರು ಮನೆಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸುತ್ತಾರೆ. ವ್ಯತ್ಯಾಸ ಏನೆಂದರೆ ಇಲ್ಲಿ ಮನೆಯವರೂ ನಿಮ್ಮನ್ನು ಜೋಡಿಸುತ್ತಾರೆ, ಅದೂ ರ‍್ಯಾಂಕ್ ನೋಡಿ ಅಲ್ಲ. ಎರಡೂ ಪಟ್ಟಿ ಕಂಪ್ಯೂಟರಿಗೆ ಹೋಗುತ್ತವೆ. ಇದಕ್ಕೆ "ಪರಸ್ಪರ ಆಯ್ಕೆ" ಅಂತ ಚೆಂದದ ಹೆಸರು. ಇದರ ಜೊತೆಗೆ ಇನ್ನೊಂದು ಸೂತ್ರ ಇದೆ. ಹಿಂದಿನ ವರ್ಷಗಳಲ್ಲಿ ಒಂದು ಮನೆ ಕರೆದವರಲ್ಲಿ ಎಷ್ಟು ಜನ ವಾಪಸ್ ಬಂದರು ಅಂತ ನೋಡುತ್ತಾರೆ. ಕರೆದವರೆಲ್ಲ ಓಡಿ ಬರುವ ಮನೆಗೆ "ನೀವು ಈ ಸುತ್ತಿಗೆ ಇಷ್ಟೇ ಜನರನ್ನು ಕರೆಯಿರಿ" ಅಂತ ಚಿಕ್ಕ ಸಂಖ್ಯೆ ಕೊಡುತ್ತಾರೆ. ಯಾರೂ ಹೋಗಲು ಇಷ್ಟಪಡದ ಮನೆಗೆ ದೊಡ್ಡ ಸಂಖ್ಯೆ.

ಉದ್ದೇಶ ಒಳ್ಳೆಯದೇ. ಸಿಗದ ಮನೆಗೆ ಕೊನೆಯ ದಿನದವರೆಗೆ ಆಸೆ ಇಟ್ಟುಕೊಂಡು ಅಳುವುದು ತಪ್ಪಲಿ, ಚಿಕ್ಕ ಮನೆಗಳೂ ತುಂಬಲಿ ಅಂತ. ಆದರೆ ಅದರಿಂದ ಆಗುವುದು ನೋಡಿ. ಟಾಪ್ ಮನೆಯವರು ಮೊದಲ ಸುತ್ತು ಮುಗಿದ ರಾತ್ರಿಯೇ ನೂರಾರು ಜನರನ್ನು ಕಳಚಬೇಕು. ನಮ್ಮಲ್ಲಿ ಸಾವಿರದ ಮೇಲೆ ಹುಡುಗಿಯರಿದ್ದರು. ಇಪ್ಪತ್ತು ನಿಮಿಷದಲ್ಲಿ ಸಾವಿರ ಜನರ ಬಗ್ಗೆ ಏನು ಗೊತ್ತಾಗುತ್ತದೆ? ಏನೂ ಇಲ್ಲ. ಹಾಗಾಗಿ ಮೊದಲೇ ಗೊತ್ತಿದ್ದವರು ಉಳಿಯುತ್ತಾರೆ. ಅಕ್ಕನ ಹೈಸ್ಕೂಲಿನವಳು, ಬೇಸಿಗೆ ಶಿಬಿರದಲ್ಲಿ ಜೊತೆಗಿದ್ದವಳು, ಇನ್‌ಸ್ಟಾಗ್ರಾಮಿನಲ್ಲಿ ಮುಖ ಕಂಡವಳು. ಅಮ್ಮ ಅಜ್ಜಿ ಸದಸ್ಯರಾಗಿದ್ದರೆ ಹುಡುಗಿಗೆ "ಲೆಗಸಿ" ಅಂತ ಹೆಸರು. 2020ರ ನಂತರ ಕೆಲವು ರಾಷ್ಟ್ರೀಯ ಸಂಘಗಳು ಲೆಗಸಿಗೆ ಕೊಡುತ್ತಿದ್ದ ಮಣೆ ತೆಗೆದುಹಾಕಿವೆ. ಆದರೂ ಗೊತ್ತಿರುವ ಮುಖ ಗೊತ್ತಿರುವ ಮುಖವೇ, ಅಲ್ವಾ?

ಮೂರನೇ ದಿನ ಬೆಳಿಗ್ಗೆ ಆ್ಯಪ್ ತೆರೆದೆ. ಎರಡನೇ ಸುತ್ತಿಗೆ ಹತ್ತು ಮನೆಗಳವರೆಗೆ ಕರೆ ಬರಬಹುದು. ನನಗೆ ಬಂದಿದ್ದು ಆರು. ಬಿಳಿ ಕಂಬಗಳ ಟಾಪ್ ಮನೆ ಇರಲಿಲ್ಲ, ಅದು ನಿರೀಕ್ಷೆಯೇ. "ನೀವೆಲ್ಲ ಬುದ್ಧಿವಂತರು" ಮನೆಯೂ ಇರಲಿಲ್ಲ. ಹೋಳಿ ಹೇಳಿದ ಮೂರು ಮನೆಗಳಲ್ಲಿ ಎರಡು ಉಳಿದಿದ್ದವು. ರೂಮ್‌ಮೇಟ್‌ಗೆ ಹತ್ತಕ್ಕೆ ಹತ್ತು. ಅವಳು ಖುಷಿಯನ್ನು ನುಂಗಿಕೊಂಡು ಹಲ್ಲುಜ್ಜಲು ಹೋದಳು. ಎದುರು ರೂಮಿನವಳಿಗೆ ಎರಡೇ. ಅವಳು ಕಾರಿಡಾರಿನಲ್ಲಿ ಗೋಡೆಗೊರಗಿ ಕೂತು ಅಮ್ಮನಿಗೆ ಫೋನು ಮಾಡಿ ಅಳುತ್ತಿದ್ದಳು. ಸ್ವಲ್ಪ ದಪ್ಪಗಿದ್ದಳು, ಮಾತಿನಲ್ಲಿ ನಮ್ಮೆಲ್ಲರಿಗಿಂತ ಚೂಟಿ. ಮಧ್ಯಾಹ್ನದ ಹೊತ್ತಿಗೆ ಹೆಸರು ವಾಪಸ್ ತೆಗೆದುಕೊಂಡಳು. ಯಾಕೆ ಅಂತ ಯಾರೂ ಕೇಳಲಿಲ್ಲ, ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು.

ಎರಡನೇ ಸುತ್ತು ಅವರವರ ದಾನಧರ್ಮದ ಕೆಲಸ ಹೇಳುವುದು, ಮೂರನೆಯದು ಮನೆ ತೋರಿಸುವುದು. ಇವನ್ನು ವಿವರಿಸಿ ನಿಮಗೆ ಬೇಜಾರು ಮಾಡುವುದಿಲ್ಲ. ಮೂರನೇ ಸುತ್ತಿನಲ್ಲಿ ಮೂಲೆ ಮನೆಯ ಭೂವಿಜ್ಞಾನದವಳು ಮತ್ತೆ ಸಿಕ್ಕಳು. ಕೂರುವ ಮೊದಲೇ "ಗ್ರಾನೈಟ್!" ಅಂದಳು. ರಾತ್ರಿ ಕೂತು ಚಾಮುಂಡಿ ಬೆಟ್ಟದ ಕಲ್ಲಿನ ಬಗ್ಗೆ ಓದಿದ್ದಳಂತೆ.

ಕೊನೆಯ ಸುತ್ತನ್ನು ಪ್ರೆಫ್ ಅನ್ನುತ್ತಾರೆ. ನನಗೆ ಎರಡು ಮನೆ ಉಳಿದಿದ್ದವು: "ಒಳ್ಳೆ ಹುಡುಗಿಯರ" ಮನೆ, ಮೂಲೆ ಮನೆ. ಅಂದು ಹಾಡು ಕುಣಿತ ಇಲ್ಲ. ದೀಪ ಆರಿಸಿ ಮೇಣದಬತ್ತಿ ಹಚ್ಚಿರುತ್ತಾರೆ. ಪಿಸುಮಾತು. ಅಳು ಬರಿಸುವುದೇ ಗುರಿ. ಮೊದಲ ಮನೆಯಲ್ಲಿ ನನಗೆ ಸಿಕ್ಕವಳು ಕಾಗದದಲ್ಲಿ ಬರೆದುಕೊಂಡಿದ್ದನ್ನು ಓದಿದಳು. ನನ್ನ ಹೆಸರಿದ್ದ ಜಾಗದಲ್ಲಿ ತಡವರಿಸಿದಳು. ಮೂಲೆ ಮನೆಯಲ್ಲಿ ನನ್ನ ಕೈಯಲ್ಲಿ ಒಂದು ಚೂರು ಕಲ್ಲು ಇಟ್ಟರು. ಯಾರು ಅಂತ ಹೇಳಬೇಕಿಲ್ಲ.

ಹೊರಬಂದ ಕೂಡಲೇ ಒಂದು ಹಾಲ್‌ನಲ್ಲಿ ಕೂರಿಸಿ, ಯಾರ ಹತ್ತಿರವೂ ಮಾತಾಡಗೊಡದೆ, ಕೊನೆಯ ಪಟ್ಟಿ ತುಂಬಿಸುತ್ತಾರೆ. ಅದಕ್ಕೆ ಸಹಿ ಹಾಕಿದರೆ ಕರಾರು. ಪಟ್ಟಿಯಲ್ಲಿ ಬರೆದ ಮನೆ ಕರೆದು ನೀವು ಒಲ್ಲೆ ಅಂದರೆ ಮುಂದಿನ ವರ್ಷದ ರಷ್‌ವರೆಗೆ ಆ ಕಾಲೇಜಿನ ಒಕ್ಕೂಟದ ಬೇರೆ ಮನೆ ಸೇರುವ ಹಾಗಿಲ್ಲ. ನಾನು ಒಂದನೇ ಜಾಗದಲ್ಲಿ "ಒಳ್ಳೆ ಹುಡುಗಿಯರ" ಮನೆ ಬರೆದೆ. ಎರಡನೆಯದರಲ್ಲಿ ಮೂಲೆ ಮನೆ. ಕಲ್ಲು ಇನ್ನೂ ಜೇಬಿನಲ್ಲಿತ್ತು.

ಮರುದಿನ ಬಿಡ್ ಡೇ, ಯಾವ ಮನೆ ಸಿಕ್ಕಿತು ಅಂತ ಗೊತ್ತಾಗುವ ದಿನ. ಸಾವಿರ ಹುಡುಗಿಯರು ಮೈದಾನದಲ್ಲಿ ಲಕೋಟೆಯ ಮೇಲೆ ಕೂತಿದ್ದೆವು, ಅಕ್ಷರಶಃ ಅದರ ಮೇಲೆ. ಮೂರು ಎಣಿಸಿದ ಮೇಲೆ ತೆಗೆಯಬೇಕು. ತೆಗೆದೆ. ಮೂಲೆ ಮನೆ. ಸುತ್ತ ಕಿರುಚಾಟ, ಓಟ. ಫೋಟೊ ತೆಗೆಯುವವಳು ಎದುರಿಗಿದ್ದಳು. ನಕ್ಕೆ. ರೂಮ್‌ಮೇಟ್ ಬಿಳಿ ಕಂಬದ ಕಡೆ ಓಡಿದಳು, ತಿರುಗಿ ನೋಡಲಿಲ್ಲ. ಅವಳಿಗೂ ಆ ಗದ್ದಲದಲ್ಲಿ ನೆನಪಾಗಿರಲಿಕ್ಕಿಲ್ಲ. ರಾತ್ರಿ ಅಮ್ಮನಿಗೆ ತೊಂಬತ್ತು ಹುಡುಗಿಯರ ಫೋಟೊ ಕಳಿಸಿದೆ. "ಎಲ್ಲಾ ಒಂದೇ ಥರ ಕಾಣ್ತಾರಲ್ಲೇ" ಅಂದಳು. ಆಮೇಲೆ "ನಿನ್ನನ್ನ ಹುಡುಕಕ್ಕೆ ಮಾತ್ರ ಕಷ್ಟ ಆಗ್ಲಿಲ್ಲ ಬಿಡು."

ಮೊದಲ ಕೆಲವು ತಿಂಗಳು ಯಾವ ಮನೆ ಅಂತ ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದೆ. ಭಾರತೀಯ ಹುಡುಗಿಯರದ್ದೇ ಸೊರೋರಿಟಿಗಳೂ ಇವೆ. 1998ರ ಒಂದೇ ವರ್ಷದಲ್ಲಿ ಮೂರು ಹುಟ್ಟಿಕೊಂಡವು: ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ. ಕಪ್ಪು ವಿದ್ಯಾರ್ಥಿನಿಯರು ಇದಕ್ಕೆ ತೊಂಬತ್ತು ವರ್ಷ ಮೊದಲೇ ತಮ್ಮದನ್ನು ಕಟ್ಟಿಕೊಂಡಿದ್ದರು. ಕಮಲಾ ಹ್ಯಾರಿಸ್ ಸೇರಿದ್ದ ಆಲ್ಫಾ ಕಪ್ಪಾ ಆಲ್ಫಾ 1908ರಲ್ಲಿ ಹಾವರ್ಡ್ ಯೂನಿವರ್ಸಿಟಿಯಲ್ಲಿ ಶುರುವಾದದ್ದು. ನಮ್ಮ ಕ್ಯಾಂಪಸ್ಸಿನಲ್ಲಿದ್ದ ದಕ್ಷಿಣ ಏಷ್ಯಾದವರ ಸಂಘದ ಒಬ್ಬ ಗುಜರಾತಿ ಅಕ್ಕ "ನಮ್ಮ ಹತ್ರ ಯಾಕೆ ಬರಲಿಲ್ಲ?" ಅಂತ ಕೇಳಿದಳು. "ಬರೀ ಇಂಡಿಯನ್ಸ್ ಜೊತೇನೇ ಇದ್ದುಬಿಡ್ತೀನಿ ಅನ್ನಿಸ್ತು" ಅಂದೆ. "ಅವರು ಬರೀ ಬಿಳಿಯರ ಜೊತೇನೇ ಇದ್ದುಬಿಡ್ತಾರೆ, ಅವರಿಗೆ ಯಾರೂ ಈ ಪ್ರಶ್ನೆ ಕೇಳಲ್ಲ" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಎರಡನೇ ವರ್ಷ ಸಮಾಜಶಾಸ್ತ್ರದ ಒಂದು ಪೇಪರಿಗೆ ಓದುತ್ತಿದ್ದಾಗ ಡಿಪಾದ ಕಥೆ ಸಿಕ್ಕಿತು. ಅದೇ ಡಿಪಾ, ಕಪ್ಪಾ ಆಲ್ಫಾ ಥೀಟಾ ಹುಟ್ಟಿದ ಯೂನಿವರ್ಸಿಟಿ. ಅಲ್ಲಿ ಒಬ್ಬ ಮನಃಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಒಂದೊಂದು ಮನೆ ಎಂಥದ್ದು ಅಂತ ಕೇಳಿದರು. ಒಂದು ಮನೆಯವರು ಅಪ್ಪನ ಮುದ್ದಿನ ರಾಜಕುಮಾರಿಯರು ಅಂತ ಉತ್ತರ ಬಂತು. ಇನ್ನೊಂದು ಮನೆಯವರು ಹಿಪ್ಪಿಗಳು. ಡೆಲ್ಟಾ ಜೀಟಾದವರು ಜನರ ಜೊತೆ ಬೆರೆಯಲು ಬಾರದವರು. ಆ ಹಣೆಪಟ್ಟಿಯಿಂದಲೇ ಡೆಲ್ಟಾ ಜೀಟಾದ ಸದಸ್ಯರು ಕಡಿಮೆಯಾಗುತ್ತಿದ್ದಾರೆ ಅಂತ ಸಂಘದ ದೊಡ್ಡವರಿಗೆ ಚಿಂತೆ ಹತ್ತಿತು. 2006ರಲ್ಲಿ ರಾಷ್ಟ್ರೀಯ ಕಚೇರಿಯವರು ಬಂದರು. ನವೆಂಬರಿನಲ್ಲಿ ಹೊಸ ಹುಡುಗಿಯರನ್ನು ಸ್ವಾಗತಿಸುವ ಕಾರ್ಯಕ್ರಮ. ಆ ಮನೆಯ ಬಹುಪಾಲು ಸದಸ್ಯರಿಗೆ ಮಹಡಿಯ ಮೇಲೆ ನಿಮ್ಮ ನಿಮ್ಮ ರೂಮಿನಲ್ಲೇ ಇರಿ ಅಂದರು. ಕೆಳಗೆ ನಿಲ್ಲಿಸಲು ಬೇರೆ ಯೂನಿವರ್ಸಿಟಿಯ ಶಾಖೆಯಿಂದ ತೆಳ್ಳಗಿನ ಹುಡುಗಿಯರನ್ನು ಕರೆಸಿದರು. ಡಿಸೆಂಬರಿನಲ್ಲಿ 35 ಜನರಲ್ಲಿ 23 ಜನರಿಗೆ ಮನೆ ಬಿಡಿ ಅಂತ ಪತ್ರ ಬಂತು. ದಪ್ಪಗಿದ್ದವರೆಲ್ಲ ಆ 23ರಲ್ಲಿದ್ದರು. ಅಲ್ಲಿದ್ದ ಒಬ್ಬಳೇ ಕಪ್ಪು ಹುಡುಗಿ, ಒಬ್ಬಳೇ ಕೊರಿಯನ್, ಒಬ್ಬಳೇ ವಿಯೆಟ್ನಾಮಿ ಕೂಡ. ಸಂಘದವರು ಹೇಳಿದ್ದು, ರೂಪ ನೋಡಿ ಮಾಡಿದ್ದಲ್ಲ, ಹೊಸಬರನ್ನು ಸೇರಿಸುವ ಕೆಲಸದಲ್ಲಿ ಶ್ರದ್ಧೆ ಎಷ್ಟು ಅಂತ ನೋಡಿದ್ದು ಅಂತ. ಉಳಿಸಿಕೊಂಡ ಹನ್ನೆರಡರಲ್ಲಿ ಆರು ಜನ ಸಿಟ್ಟಿಗೆದ್ದು ತಾವೇ ಬಿಟ್ಟರು. 2007ರಲ್ಲಿ ಯೂನಿವರ್ಸಿಟಿ ಆ ಸಂಘದ ಸಂಬಂಧವನ್ನೇ ಕಡಿದುಕೊಂಡಿತು.

ಅಲಬಾಮಾ ಯೂನಿವರ್ಸಿಟಿಯದ್ದು ಹೆಚ್ಚು ಜನರಿಗೆ ಗೊತ್ತು. 2021ರ ಆಗಸ್ಟಿನಲ್ಲಿ ಅಲ್ಲಿನ ಹುಡುಗಿಯರು ದಿನಾ ಬೆಳಿಗ್ಗೆ ಯಾವ ಬಟ್ಟೆ, ಯಾವ ಬಳೆ ಅಂತ ತೋರಿಸಿದ ಟಿಕ್‌ಟಾಕ್ ವಿಡಿಯೊಗಳನ್ನು ಜಗತ್ತೇ ನೋಡಿತು. ಅದೇ ಜಾಗದಲ್ಲಿ 2013ರಲ್ಲಿ, ಕಪ್ಪು ಹುಡುಗಿಯರನ್ನು ಸೊರೋರಿಟಿಗಳು ಬಿಟ್ಟುಬಿಡುತ್ತಿವೆ, ಒಳಗಿನ ಹುಡುಗಿಯರು ಬೇಕು ಅಂದರೂ ಹಳೇ ಸದಸ್ಯೆಯರು ಅಡ್ಡಗಾಲು ಹಾಕುತ್ತಾರೆ ಅಂತ ವಿದ್ಯಾರ್ಥಿಗಳ ಪತ್ರಿಕೆಯೇ ಬರೆದಿತ್ತು. ಆಮೇಲೆ ಯೂನಿವರ್ಸಿಟಿ ಮತ್ತೆ ಬಾಗಿಲು ತೆಗೆಸಬೇಕಾಯಿತು. ಕಪ್ಪು ವಿದ್ಯಾರ್ಥಿಗಳು ಆ ಯೂನಿವರ್ಸಿಟಿಯಲ್ಲಿ ನೆಲೆನಿಂತು ಓದಲು ಶುರುಮಾಡಿದ್ದು 1963ರಲ್ಲಿ. ಲೆಕ್ಕ ಹಾಕಿ, ಐವತ್ತು ವರ್ಷ.

ಅದನ್ನೆಲ್ಲ ಓದಿ ನಾನು ಸಿಟ್ಟಾಗಿದ್ದು ನಿಜ. ನನ್ನ ಎರಡನೇ ವರ್ಷದ ಆಗಸ್ಟಿನಲ್ಲಿ, ಮುಂದಿನ ರಷ್‌ನಲ್ಲಿ, ನಾನು ಬಾಗಿಲಿನ ಆ ಕಡೆ ನಿಂತಿದ್ದೂ ನಿಜ.

ಒಳಗಿನವರಿಗೆ ರಷ್‌ಗಿಂತ ಒಂದು ವಾರ ಮೊದಲೇ ತಾಲೀಮು. ಚಪ್ಪಾಳೆ ಎಲ್ಲಿ, ಭುಜ ಯಾವಾಗ ಮುಟ್ಟಬೇಕು, ಯಾರ ಪಕ್ಕ ಯಾರು. ನಮ್ಮ ಮನೆಗೆ ಒಂದೇ ಚಿಂತೆ, ಬಾಟಮ್‌ನಿಂದ ಮಿಡ್‌ಗೆ ಹತ್ತಬೇಕು. ಯಾರೂ ಬಾಯಿಬಿಟ್ಟು ಹಾಗೆ ಅನ್ನಲಿಲ್ಲ. "ನಮ್ಮ ಇಮೇಜ್ ಸ್ವಲ್ಪ ಬದಲಾಗಬೇಕು" ಅಂದರು. ಪೇಜಿನಲ್ಲಿ ಹಾಕುವ ಫೋಟೊ ಆರಿಸಲು ಒಂದು ತಂಡ ಆಯಿತು. ಬಾಗಿಲಲ್ಲಿ ಮೊದಲ ಸಾಲಿಗೆ ಯಾರು ಅಂತ ಆರಿಸಿದರು. ನನ್ನನ್ನು ಆರಿಸಿದರು. ಫೋಟೊಗಳಲ್ಲೂ ಹನ್ನೆರಡರಲ್ಲಿ ಐದರಲ್ಲಿ ನಾನಿದ್ದೆ. ತೊಂಬತ್ತು ಜನರ ಮನೆಯಲ್ಲಿ ನನ್ನ ಬಣ್ಣದವರು ಮೂವರು. ಡಿಪಾದವರು ಅಂಥವರನ್ನು ಮಹಡಿಗೆ ಕಳಿಸಿದ್ದರು, ಇವರು ಮುಂದೆ ನಿಲ್ಲಿಸಿದರು. ಒಳ್ಳೆಯದಲ್ವಾ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ಹಿಂದಿನ ನಾಲ್ಕನೇ ಸಾಲಿನಲ್ಲಿ ನನಗೆ ಪ್ರಿಯಳಾದ ಗೆಳತಿಯೊಬ್ಬಳಿದ್ದಳು, ಸ್ವಲ್ಪ ದಪ್ಪ. ಅಡುಗೆಮನೆಯಲ್ಲಿ ನಿಂಬೆ ಶರಬತ್ತು ಮಾಡುವ ಕೆಲಸ ಅವಳಿಗೆ. ಅವಳೇ ಕೇಳಿಕೊಂಡಿದ್ದಂತೆ. ಇರಬಹುದು.

ಬಾಗಿಲು ತೆರೆಯಿತು. ಎದುರಿಗಿದ್ದ ಎಪ್ಪತ್ತು ಮುಖಗಳಲ್ಲಿ ಅರ್ಧ ನಮ್ಮನ್ನು ನೋಡುತ್ತಿರಲಿಲ್ಲ. ಕಣ್ಣು ರಸ್ತೆಯಾಚೆಯ ಮುಂದಿನ ಮನೆಯ ಮೇಲಿತ್ತು. ಆ ನಗು ನನಗೆ ಗೊತ್ತು. ನಾನೇ ನಕ್ಕ ನಗು ಅದು. ಹೋದ ವರ್ಷ ನನ್ನ ಮುಖದಲ್ಲೂ ಇದೇ ಕಂಡಿರಬೇಕು, ಆದರೂ ಆ ಕಲ್ಲಿನವಳು ಒಂದು ನಿಮಿಷ ತಡಿ ಅಂದಳಲ್ಲ. ಅವಳು ಆಗಲೇ ಓದು ಮುಗಿಸಿ ಹೋಗಿದ್ದಳು.

ಮಾತು ಮುಗಿದ ಕೂಡಲೇ ಫೋನಿನಲ್ಲಿ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಪಕ್ಕದಲ್ಲಿ ಒಂದು ಸಾಲು ಬರೆಯಬೇಕು. ಮೊದಲ ಹತ್ತು ಜನರಿಗೆ ನ್ಯಾಯವಾಗಿಯೇ ಕೊಟ್ಟೆ ಅಂದುಕೊಂಡಿದ್ದೇನೆ. ಆಮೇಲೆ ಹೆಸರು ಮುಖ ಎಲ್ಲ ಕಲಸಿಹೋದವು. "ಚೆನ್ನಾಗಿ ನಗ್ತಾಳೆ, 5." "ಸುಮ್ನಿರ್ತಾಳೆ, 3." "ಕುದುರೆ ಹುಡುಗಿ, 4." ಒಬ್ಬಳು ಕುದುರೆ ಸವಾರಿ ಮಾಡುತ್ತಿದ್ದಳು, ಅಷ್ಟೇ ನೆನಪು. ಎರಡು ದಿನದಲ್ಲಿ ಸುಮಾರು ನಲವತ್ತು ಜನರ ಮೇಲೆ ಒಂದೊಂದು ಸಾಲು ಬರೆದೆ. ರಾತ್ರಿ ಎಲ್ಲರೂ ಕೂತಾಗ ಪರದೆಯ ಮೇಲೆ ಒಂದೊಂದೇ ಫೋಟೊ ಬರುತ್ತಿತ್ತು. ಅಂಕ ಮೇಲಿದ್ದವರ ಬಗ್ಗೆ ಚರ್ಚೆಯೇ ಇಲ್ಲ. ಕೆಳಗಿದ್ದವರ ಬಗ್ಗೆಯೂ ಇಲ್ಲ. ಮಧ್ಯದವರ ಬಗ್ಗೆ ಯಾರೋ ಹೇಳುತ್ತಿದ್ದರು, "ನಂಗೆ ಅವಳು ಇಲ್ಲಿ ಕಾಣಿಸ್ತಾಳೆ" ಅಥವಾ "ಕಾಣಿಸಲ್ಲ". ನಾನೂ ಎರಡು ಮೂರು ಸಲ ಹಾಗೆ ಹೇಳಿದೆ.

ಆ ವರ್ಷ ನಮ್ಮ ಮನೆ ಪಟ್ಟಿಯಲ್ಲಿ ಒಂದು ಮೆಟ್ಟಿಲು ಹತ್ತಿತು ಅಂತ ಮಾತಾಯಿತು.

ಮೂರನೇ ವರ್ಷ, ಚಳಿಗಾಲದಲ್ಲಿ, ಲೈಬ್ರರಿ ಕೆಳಗಿನ ಕಾಫಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಹುಡುಗಿ ತಿರುಗಿ ನನ್ನ ಪೂರ್ತಿ ಹೆಸರು ಹಿಡಿದು ಕರೆದಳು. ಕೊನೆಯ ಎರಡಕ್ಷರವೂ ಸರಿಯಾಗಿತ್ತು. "ನೆನಪಿದೀನಾ? ರಷ್‌ನಲ್ಲಿ ಮಾತಾಡಿದ್ವಲ್ಲ? ನಿಮ್ಮೂರಿನ ಫಿಲ್ಟರ್ ಕಾಫಿ ಬಗ್ಗೆ ಹೇಳಿದ್ದೆ ನೀನು. ಆಮೇಲೆ ನಾನು ಆ ಫಿಲ್ಟರ್ ತರಿಸಿಕೊಂಡೆ, ಗೊತ್ತಾ?" ಅವಳು ಯಾವ ಮನೆಗೂ ಸೇರಿರಲಿಲ್ಲ. ನಮ್ಮಿಂದ ಎರಡನೇ ಸುತ್ತಿಗೆ ಕರೆ ಹೋಗಿರಲಿಲ್ಲವಂತೆ. ಅದನ್ನು ನಗುತ್ತಲೇ ಹೇಳಿದಳು.

"ನೆನಪಿದೀಯ, ಖಂಡಿತ" ಅಂದೆ. ಅವಳ ಮುಖ ನೋಡುತ್ತ ಇವಳಿಗೆ ಎಷ್ಟು ಕೊಟ್ಟಿದ್ದೆ ಅಂತ ಯೋಚಿಸುತ್ತಿದ್ದೆ. ಸಾಲು ಮುಂದೆ ಸರಿಯಿತು. "ನೀನೇನು ತಗೋತೀಯ?" ಅಂದಳು. ಇಬ್ಬರ ಕಾಫಿಗೂ ಅವಳೇ ದುಡ್ಡು ಕೊಟ್ಟಳು.